ಬೆಲ್ ಒತ್ತಿದ್ರೆ ಬರೋಳು ನಾನೇ

ನಮ್ಮೂರಲ್ಲಿ ಯುಗಾದಿ ಮಾರನೇ ದಿನ ವರ್ಷತೊಡಕು. ನಾಗಮಂಗಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಪ್ಪತ್ತು ಮನೆಯವರು ದುಡ್ಡು ಹಾಕಿ ಕುರಿ ತರುತ್ತಿದ್ದರು. ಕೋಳಿ ಕೂಗೋ ಹೊತ್ತಿಗೆ ಗಂಡಸರು ತೋಪಿನಲ್ಲಿ ಸೇರಿ, ಕುಯ್ದು ಸುಲಿದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ಒಂಚೂರು ಈಲಿ, ಒಂಚೂರು ಬೋಟಿ, ಒಂದು ನಲ್ಲಿ ಮೂಳೆ. ತಕ್ಕಡಿ ಇರಲಿಲ್ಲ. ನಮ್ಮ ದೊಡ್ಡಪ್ಪನ ಕಣ್ಣೇ ತಕ್ಕಡಿ. ಹೆಣ್ಣುಮಕ್ಕಳು ಆ ಕಡೆ ಸುಳಿಯುವಂತಿರಲಿಲ್ಲ. ನಮ್ಮದೇನಿದ್ದರೂ ಖಾರ ರುಬ್ಬೋ ಕೆಲಸ.

ಅಂಥ ಊರಿನ, ಎಂಕಾಂ ಓದಿದ ನಾನು ಈಗ ಶಿಕಾಗೋ ಪಕ್ಕದ ಊರೊಂದರ ಸೂಪರ್‌ಮಾರ್ಕೆಟ್‌ನಲ್ಲಿ ಮೀಟ್ ಕಟರ್. ಯೂನಿಯನ್ ಕಾರ್ಡ್ ಇರುವ ಜರ್ನಿಮನ್ ಮೀಟ್ ಕಟರ್. ಜರ್ನಿಮನ್ ಅಂದರೆ ಕಲಿಕೆ ಮುಗಿಸಿದ ಪೂರ್ತಿ ಕಸುಬುದಾರ. ಹೆಸರಲ್ಲಿ 'ಮನ್' ಇದೆ, ಇರಲಿ ಬಿಡಿ.

ಇದಕ್ಕೆ ಬಂದದ್ದು ಆಸೆಪಟ್ಟೇನಲ್ಲ. ಗಂಡನ ಕೆಲಸದ ಮೇಲೆ 2013ರಲ್ಲಿ ಇಲ್ಲಿಗೆ ಬಂದೆವು. ಎಚ್4 ವೀಸಾದವರು, ಅಂದರೆ ಕೆಲಸದ ವೀಸಾ ಇರುವವರ ಗಂಡನೋ ಹೆಂಡತಿಯೋ, ಆಗ ದುಡಿಯುವ ಹಾಗೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಸಡಿಲವಾಯಿತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಗಂಡನಿಗೋ ಹೆಂಡತಿಗೋ ಪರ್ಮಿಟ್ ಸಿಗತೊಡಗಿತು. ನನ್ನ ಕೈಗೆ ಅದು ಬಂದದ್ದು 2017ರಲ್ಲಿ. ಅಷ್ಟೊತ್ತಿಗೆ ನಾಲ್ಕು ವರ್ಷ ಮನೆಯಲ್ಲಿ ಕೂತಿದ್ದೆ. ಅಕೌಂಟ್ಸ್ ಕೆಲಸಕ್ಕೆ ಹಾಕಿದ ಅರ್ಜಿಗೆ ಯಾರೂ ಉತ್ತರವನ್ನೇ ಕೊಡಲಿಲ್ಲ. ತರಕಾರಿ ತರೋಕೆ ಹೋಗುತ್ತಿದ್ದ ಅಂಗಡಿಯ ಬಾಗಿಲಲ್ಲೇ 'ಜನ ಬೇಕಾಗಿದ್ದಾರೆ' ಅಂತ ಬೋರ್ಡ್ ಇತ್ತು. ಒಳಗೆ ಹೋಗಿ ಕೇಳಿದೆ. ಬೇಕರಿ ತುಂಬಿದೆ, ಮೀಟ್ ರೂಮಲ್ಲಿ ರ‍್ಯಾಪರ್ ಬೇಕು ಅಂದರು. ಬೆಳಗ್ಗೆ ಆರಕ್ಕೆ ಶುರು, ಎರಡೂವರೆಗೆ ಮುಕ್ತಾಯ. ಮಗಳು ಸ್ಕೂಲಿಂದ ಬರೋ ಹೊತ್ತಿಗೆ ಮನೆ ಸೇರಬಹುದು. ಅಷ್ಟೇ ಲೆಕ್ಕ.

ರ‍್ಯಾಪರ್ ಕೆಲಸ ಅಂದರೆ ಕಟರ್‌ಗಳು ಕತ್ತರಿಸಿ ಕೊಟ್ಟದ್ದನ್ನು ಟ್ರೇಗೆ ಜೋಡಿಸಿ, ಪ್ಲಾಸ್ಟಿಕ್ ಹಾಳೆ ಬಿಗಿದು, ತೂಕ ಮಾಡಿ, ಚೀಟಿ ಅಂಟಿಸೋದು. ಟ್ರೇ ತಳದಲ್ಲಿ ನೀರು ಹೀರೋ ಪ್ಯಾಡ್. ಹಾಳೆಯನ್ನು ಮೂಲೆ ಹಿಡಿದು ಎಳೆದು, ಅಡಿಗೆ ಮಡಿಸಿ, ಬಿಸಿ ತಟ್ಟೆಗೆ ಒತ್ತಬೇಕು. ಸುಕ್ಕು ಬಿದ್ದರೆ ಗಿರಾಕಿ ಮುಟ್ಟಲ್ಲ. ರೂಮಿನ ಚಳಿ ಸುಮಾರು 10 ಡಿಗ್ರಿ ಸೆಲ್ಸಿಯಸ್. ಬಿಳಿ ಕೋಟಿನೊಳಗೆ ಎರಡು ಸ್ವೆಟರ್ ಹಾಕಿಕೊಂಡರೂ ಬೆರಳು ಮರಗಟ್ಟುತ್ತಿತ್ತು. ಮೊದಲ ವಾರವೆಲ್ಲ ಮನೆಗೆ ಬಂದು ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡೇ ಕೂರುತ್ತಿದ್ದೆ.

ಮೂರನೇ ದಿನ ಒಂದು ಪೆಟ್ಟು ತಿಂದೆ. ಟ್ರೇಯಲ್ಲಿದ್ದ ಸ್ಟೇಕ್‌ನ ಅಂಚಿನಲ್ಲಿ ಒಂದೆಳೆ ಕೊಬ್ಬು ನೇತಾಡುತ್ತಿತ್ತು. ಪಕ್ಕದಲ್ಲಿದ್ದ ಚಾಕು ತೆಗೆದು ಸವರಿಬಿಟ್ಟೆ. ರೂಮಿನಲ್ಲಿದ್ದ ಮೂವರು ಕಟರ್‌ಗಳೂ ಒಟ್ಟಿಗೆ ತಿರುಗಿ ನೋಡಿದರು. "ಚಾಕು ಕೆಳಗಿಡು. ಅದು ನಿನ್ನ ಕೆಲಸ ಅಲ್ಲ." ಹೇಳಿದವರು ಅಲ್ಲಿನ ಹಿರಿಯ. ಜಂಬ ಅಂದುಕೊಂಡು ಸಿಟ್ಟು ಬಂತು. ಯೂನಿಯನ್ ಕಂಪನಿ ಜೊತೆ ಮಾಡಿಕೊಂಡ ಕಾಂಟ್ರಾಕ್ಟ್ ಪುಸ್ತಕ ಓದಿದ ಮೇಲೆ ಗೊತ್ತಾಯಿತು, ಅದರಲ್ಲಿ ಹಾಗೇ ಬರೆದಿತ್ತು. ಕಟರ್ ಏನು ಮಾಡಬೇಕು, ರ‍್ಯಾಪರ್ ಏನು ಮಾಡಬಹುದು, ಸಾಮಾನು ಜೋಡಿಸೋ ಕ್ಲರ್ಕ್ ಏನನ್ನು ಮುಟ್ಟಬಾರದು ಅಂತ ಒಂದೊಂದಕ್ಕೂ ಗೆರೆ. ದರ ಬೇರೆ, ಪಟ್ಟಿ ಬೇರೆ. ಕಟರ್‌ಗಳ ಪಟ್ಟಿಯಲ್ಲಿ ಎಲ್ಲರೂ ಗಂಡಸರು. ರ‍್ಯಾಪರ್ ಪಟ್ಟಿಯಲ್ಲಿ ಎಲ್ಲರೂ ಹೆಂಗಸರು. ನಮ್ಮೂರ ತೋಪು ನೆನಪಾಯಿತು.

ಆ ಹಿರಿಯರ ಹೆಸರು ಬರೆಯಲ್ಲ. ಮನಸ್ಸಿನಲ್ಲಿ ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದದ್ದು. ಪೋಲೆಂಡ್ ಮೂಲದವರು, 1973ರಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು. ಮಾತು ಕಮ್ಮಿ. ಆದರೆ ಬ್ರೇಕಿನಲ್ಲಿ ಕಾಫಿ ಲೋಟ ಹಿಡಿದರೆ ಹಳೇ ಕಥೆ ಬಿಚ್ಚುತ್ತಿದ್ದರು. ಅವರ ಕಾಲದಲ್ಲಿ ದನದ ಇಡೀ ಕಾಲುಭಾಗ, ಹತ್ತಿರ ಹತ್ತಿರ 70 ಕೆಜಿ, ಕೊಕ್ಕೆಗೆ ನೇತುಹಾಕಿಕೊಂಡೇ ಅಂಗಡಿಗೆ ಬರುತ್ತಿತ್ತಂತೆ. ಸೀಲಿಂಗಿನ ಕಂಬಿಯ ಮೇಲೆ ತಳ್ಳಿಕೊಂಡು ಕೂಲರ್‌ಗೆ ಒಯ್ಯಬೇಕು. ಅದನ್ನು ಇಳಿಸಿ, ಮೂಳೆ ಬಿಡಿಸಿ, ಚಾಪೆಯಂಥ ಪಕ್ಕೆಯಿಂದ ಹಿಡಿದು ಕೊನೇ ಚೂರಿನ ಕೈಮದವರೆಗೆ ಎಲ್ಲಾ ಅಲ್ಲೇ. ಆ ಹಳೇ ಕಂಬಿಯ ಒಂದು ಗಜ ಉದ್ದ ನಮ್ಮ ಕೂಲರ್‌ನಲ್ಲಿ ಇನ್ನೂ ಇದೆ. ನಾವು ಅದಕ್ಕೆ ಕೋಟು ನೇತುಹಾಕುತ್ತೇವೆ.

ಇನ್ನೊಂದು ಕಥೆ ಕೇಳಿ ನಾನು ನಂಬಲೇ ಇಲ್ಲ. ಶಿಕಾಗೋದಲ್ಲಿ ಸಂಜೆ ಆರರ ಮೇಲೆ ಹಸಿ ಮಾಂಸ ಮಾರುವ ಹಾಗಿರಲಿಲ್ಲವಂತೆ! ಅಂಗಡಿ ತೆರೆದಿರುತ್ತೆ, ಹಾಲು ಬ್ರೆಡ್ಡು ಸಿಗುತ್ತೆ, ಮಾಂಸ ಜೋಡಿಸಿಡೋ ತಣ್ಣನೆ ಕಪಾಟು, ಅಂದರೆ ಕೇಸ್ ಮೇಲೆ ಮಾತ್ರ ಪರದೆ. ಸರ್ಕಾರದ ಕಾನೂನಲ್ಲ, ಕಟರ್‌ಗಳ ಯೂನಿಯನ್ ಕಾಂಟ್ರಾಕ್ಟಿನಲ್ಲಿ ಬರೆಸಿಕೊಂಡಿದ್ದ ಷರತ್ತು. ಸೋಮವಾರದಿಂದ ಶನಿವಾರ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರು. ಮನೆಗೆ ಬಂದು ಹುಡುಕಿದೆ, ನಿಜ. ಜ್ಯೂಯಲ್ ಟೀ ಅನ್ನೋ ಅಂಗಡಿ ಕಂಪನಿ ಇದರ ವಿರುದ್ಧ ಕೋರ್ಟಿಗೆ ಹೋಗಿತ್ತು. ಪ್ಯಾಕೆಟ್ ಮಾಡಿಟ್ಟ ಮಾಂಸವನ್ನು ಗಿರಾಕಿ ತಾನೇ ತೆಗೆದುಕೊಂಡು ಹೋಗ್ತಾನೆ, ಅದಕ್ಕೆ ಕಟರ್ ಯಾಕೆ ನಿಂತಿರಬೇಕು ಅಂತ ಅವರ ವಾದ. ನಾವಿಲ್ಲದ ಹೊತ್ತಲ್ಲಿ ಮಾರಿದರೆ ನಮ್ಮ ಕೆಲಸ ಬೇರೆಯವರು ಮಾಡ್ತಾರೆ, ಇಲ್ಲಾ ಮಾರನೇ ದಿನ ನಮ್ಮ ತಲೆ ಮೇಲೆ ಬೀಳುತ್ತೆ ಅಂತ ಯೂನಿಯನ್ ವಾದ. 1965ರಲ್ಲಿ ಸುಪ್ರೀಂ ಕೋರ್ಟ್ ಯೂನಿಯನ್ ಪರ ತೀರ್ಪು ಕೊಟ್ಟಿತು. ಪ್ಯಾಕೆಟ್ ಮಾಂಸಕ್ಕೆ ಕಟರ್ ಬೇಕಾ ಬೇಡವಾ? ಇದೇ ಪ್ರಶ್ನೆ ನನ್ನ ಕಾಲಕ್ಕೂ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ಕಂಬಿ ಖಾಲಿಯಾದದ್ದು ಪೆಟ್ಟಿಗೆಯಿಂದ. ಅಯೋವಾ ಬೀಫ್ ಪ್ಯಾಕರ್ಸ್ ಅನ್ನೋ ಕಂಪನಿ 1967ರಲ್ಲಿ ನೆಬ್ರಾಸ್ಕಾದ ಡಕೋಟಾ ಸಿಟಿಯಲ್ಲಿ ಹೊಸ ಕಾರ್ಖಾನೆ ತೆರೆಯಿತು. ಇಡೀ ಕಾಲುಭಾಗ ಕಳಿಸುವ ಬದಲು ಅಲ್ಲೇ ತುಂಡು ಮಾಡಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸತೊಡಗಿತು. ಮೂಳೆ, ಕೊಬ್ಬಿನ ಸಾಗಾಟ ಉಳಿಯಿತು. ಅಲ್ಲಿ ಸಾಲಾಗಿ ನಿಂತವರು ಒಬ್ಬೊಬ್ಬರೂ ಒಂದೇ ಕೊಯ್ತ ದಿನವಿಡೀ ಕೊಯ್ಯುತ್ತಾರೆ. ಪೂರ್ತಿ ಕಸುಬು ಗೊತ್ತಿರಬೇಕಾಗಿಲ್ಲ, ಕೂಲಿಯೂ ಕಮ್ಮಿ. ಅಂಗಡಿಯ ಕಟರ್‌ಗಳಿಗೆ ಇದು ಹೊಟ್ಟೆ ಮೇಲೆ ಹೊಡೆದ ಹಾಗೆ. ನ್ಯೂಯಾರ್ಕಿನಂಥ ಊರುಗಳಲ್ಲಿ ಪೆಟ್ಟಿಗೆ ಒಳಗೆ ಬರೋದಕ್ಕೇ ಬಿಡಲಿಲ್ಲ. ಕೊನೆಗೆ ಯೂನಿಯನ್ ಮುಖಂಡರಿಗೂ ಅಂಗಡಿಗಳ ಖರೀದಿದಾರರಿಗೂ ಲಂಚ ಕೊಡುವ ಸಂಚು ಮಾಡಿದ್ದಕ್ಕೆ 1974ರಲ್ಲಿ ಕೋರ್ಟು ಆ ಕಂಪನಿಯನ್ನೂ ಅದರ ಮುಖ್ಯಸ್ಥರನ್ನೂ ತಪ್ಪಿತಸ್ಥರು ಅಂತು. ಆದರೂ ಪೆಟ್ಟಿಗೆ ಮೆಲ್ಲಮೆಲ್ಲಗೆ ಎಲ್ಲಾ ಕಡೆ ಒಳಗೆ ಬಂತು. "ನಾವು ಕೊಕ್ಕೆ ಕಳಕೊಂಡ್ವಿ, ಆದರೆ ಚಾಕು ಉಳಿಸಿಕೊಂಡ್ವಿ," ಅನ್ನುತ್ತಿದ್ದರು ಮೇಷ್ಟ್ರು.

1897ರಲ್ಲಿ ಹುಟ್ಟಿದ ಕಟರ್‌ಗಳ ಹಳೇ ಯೂನಿಯನ್ 1979ರಲ್ಲಿ ಅಂಗಡಿ ಕ್ಲರ್ಕ್‌ಗಳ ಯೂನಿಯನ್ ಜೊತೆ ಸೇರಿ ಯುಎಫ್‌ಸಿಡಬ್ಲ್ಯು ಆಯಿತು. ನನ್ನ ಕಾರ್ಡ್ ಅದರದ್ದೇ. ಅದರಿಂದ ಏನು ಉಪಯೋಗ ಅಂತ ನನಗೆ ಗೊತ್ತಾದದ್ದು ನಾನೇ ಮಾಡಿದ ಒಂದು ಎಡವಟ್ಟಿನಿಂದ. 2019ರ ಒಂದು ಶನಿವಾರ ತಕ್ಕಡಿಯಲ್ಲಿ ಕೋಡ್ ತಪ್ಪು ಒತ್ತಿದೆ. ದುಬಾರಿ ಸ್ಟ್ರಿಪ್ ಸ್ಟೇಕ್‌ಗೆ ಅಗ್ಗದ ಚಕ್ ಸ್ಟೇಕ್‌ನ ಚೀಟಿ. 22 ಪ್ಯಾಕೆಟ್. ಯಾರೋ ನೋಡೋ ಹೊತ್ತಿಗೆ ಅರ್ಧ ಖಾಲಿಯಾಗಿತ್ತು. ಜನ ಬುದ್ಧಿವಂತರು, ಇಂಥದ್ದು ಬೇಗ ಕಣ್ಣಿಗೆ ಬೀಳುತ್ತೆ ಅವರಿಗೆ. ಸೋಮವಾರ ಮ್ಯಾನೇಜರ್ ರೂಮಿಗೆ ಕರೆ ಬಂತು. ಗೊತ್ತಿರುವವರಿಗೆ ಬೇಕಂತಲೇ ಮಾಡಿದೆಯಾ ಅಂತ ಅನುಮಾನ. ನನ್ನ ಕಾಲು ನಡುಗುತ್ತಿತ್ತು. ವೀಸಾ ಬೇರೆ. ಒಳಗೆ ಹೋಗುವ ಮುಂಚೆ ಸ್ಟೂವರ್ಡ್, ಅಂದರೆ ನಮ್ಮ ಅಂಗಡಿಯ ಯೂನಿಯನ್ ಪ್ರತಿನಿಧಿ, ಕಿವಿಯಲ್ಲಿ ಹೇಳಿದ್ದರು, "ನಾನು ಪಕ್ಕದಲ್ಲಿ ಇಲ್ಲದೆ ಒಂದು ಮಾತೂ ಆಡಬೇಡ. ನೀನು ಕೇಳಬೇಕು, ಕೇಳಿದರೆ ಕೊಡಲೇಬೇಕು." ಕೇಳಿದೆ, ಅವರನ್ನು ಕೂರಿಸಿದರು. ಎಚ್ಚರಿಕೆ ಪತ್ರದಲ್ಲಿ ಮುಗಿಯಿತು.

ಆ ಹಕ್ಕು ಬಂದದ್ದೂ ಒಂದು ಕೋಳಿ ಡಬ್ಬಿಯಿಂದ. ಟೆಕ್ಸಸ್‌ನ ಅಂಗಡಿಯೊಂದರ ಕೆಲಸದಾಕೆ 2.98 ಡಾಲರ್‌ನ ಕೋಳಿಗೆ ಒಂದೇ ಡಾಲರ್ ಕೊಟ್ಟಳು ಅಂತ ಕೂರಿಸಿ ವಿಚಾರಣೆ ಮಾಡಿದರು. ಯೂನಿಯನ್ನಿನವರು ಜೊತೆಗಿರಲಿ ಅಂತ ಆಕೆ ಎಷ್ಟು ಕೇಳಿದರೂ ಬಿಡಲಿಲ್ಲ. ಕೊನೆಗೆ ನೋಡಿದರೆ ಸಣ್ಣ ಡಬ್ಬಿ ಖಾಲಿಯಾಗಿತ್ತು, ಒಂದು ಡಾಲರಿನ ಕೋಳಿಯನ್ನೇ ದೊಡ್ಡ ಡಬ್ಬಿಯಲ್ಲಿ ಹಾಕಿಕೊಂಡಿದ್ದಳು! 1975ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ಹೇಳಿತು. ನಾನು ಆಕೆಗೆ ಈಗಲೂ ಋಣಿ.

ಚಾಕು ನನ್ನ ಕೈಗೆ ಬಂದದ್ದು ಕೊರೋನಾದಿಂದ. 2020ರ ಏಪ್ರಿಲ್‌ನಲ್ಲಿ ದೊಡ್ಡ ದೊಡ್ಡ ಪ್ಯಾಕಿಂಗ್ ಕಾರ್ಖಾನೆಗಳಲ್ಲಿ ಸೋಂಕು ಹಬ್ಬಿ ಒಂದೊಂದೇ ಮುಚ್ಚಿದವು. ನಾವು ಕೇಳಿದ್ದು ಬರುತ್ತಿರಲಿಲ್ಲ, ಬಂದದ್ದು ನಾವು ಕೇಳಿದ್ದಲ್ಲ. ಒಂದು ದಿನ ಎಲ್ಲಾ ಹಂದಿ ಭುಜ, ಇನ್ನೊಂದು ದಿನ ಹೋಟೆಲ್‌ಗಳಿಗೆ ಹೋಗಬೇಕಿದ್ದ ಭಾರೀ ಪೆಟ್ಟಿಗೆ. ಒಬ್ಬರಿಗೆ ಎರಡೇ ಪ್ಯಾಕೆಟ್ ಅಂತ ಬೋರ್ಡ್ ಹಾಕಿದ್ದೆವು. ಬಂದದ್ದು ಏನೇ ಇರಲಿ, ಅದನ್ನು ಮಾರುವ ರೂಪಕ್ಕೆ ತರಲು ಕೈ ಬೇಕಿತ್ತು. ನಮ್ಮ ಒಬ್ಬ ಕಟರ್ ಹುಷಾರು ತಪ್ಪಿದ, ಇನ್ನೊಬ್ಬ ರಜೆ ಹಾಕಿದ. ಅಪ್ರೆಂಟಿಸ್ ಬೇಕು ಅಂತ ನೋಟಿಸ್ ಹಚ್ಚಿದರು. ರ‍್ಯಾಪರ್‌ಗಳಲ್ಲಿ ಹಿರಿಯರಾದ ಇಬ್ಬರು ಬೇಡ ಅಂದರು. ಮೂರನೆಯವಳು ನಾನು. ಹೆಸರು ಬರೆದೆ. ಮೇಷ್ಟ್ರು ನನ್ನ ಕೈ ಹಿಡಿದು, ತಿರುಗಿಸಿ, ಅಂಗೈ ನೋಡಿ, "ಸಣ್ಣ ಕೈ. ಮೂಳೆ ಸಂದಿಗೆ ಚೆನ್ನಾಗಿ ಹೋಗುತ್ತೆ," ಅಂದರು. ಇಂಟರ್‌ವ್ಯೂ ಅಷ್ಟೇ.

ಮೊದಲ ತಿಂಗಳು ಮಾಂಸವನ್ನೇ ಕೊಡಲಿಲ್ಲ. ಚಾಕು ಮಸೆಯೋದೇ ಕೆಲಸ. ಮೂಳೆ ಬಿಡಿಸೋಕೆ ಆರು ಇಂಚಿನ ಬಾಗಿದ ಚಾಕು, ಸ್ಟೇಕ್ ಕತ್ತರಿಸೋಕೆ ಹತ್ತು ಇಂಚಿನ ಕತ್ತಿಯಂಥದ್ದು. ಎಣ್ಣೆಯಲ್ಲಿ ಕೂತ ಮೂರು ಮುಖದ ಕಲ್ಲು. ಒರಟು, ನಡುವಿನದು, ನಯ. ಆಮೇಲೆ ಸ್ಟೀಲ್ ಸರಳಿನ ಮೇಲೆ ಎರಡೋ ಮೂರೋ ಸಲ ಮೆಲ್ಲಗೆ. ಸಿನಿಮಾದಲ್ಲಿ ತೋರಿಸೋ ಹಾಗೆ ಟಣ್ ಟಣ್ ಅಂತ ಬಡಿದರೆ ಬೈಗುಳ. ಅಪ್ಪ ರಾಗಿ ಕೊಯ್ಲಿಗೆ ಮುಂಚೆ ಕುಡುಗೋಲು ಮಸೆದು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡುತ್ತಿದ್ದರು. ಜಾರಿದರೆ ಮೊಂಡು, ಕಚ್ಚಿದರೆ ಹರಿತ. ಮೇಷ್ಟ್ರು ಮಾಡುತ್ತಿದ್ದದ್ದೂ ಅದನ್ನೇ. ನಾನೂ ಹಾಗೇ ಮಾಡಿದಾಗ ಅವರಿಗೆ ಆಶ್ಚರ್ಯ, ಯಾರು ಹೇಳಿಕೊಟ್ಟರು ಅಂತ ಕೇಳಿದರು.

ಆಮೇಲೆ ಚಕ್ ರೋಲ್. ದನದ ಹೆಗಲಿನ ಭಾಗ, ಮೂಳೆ ತೆಗೆದದ್ದು, ಒಂದೊಂದೂ ಹತ್ತು ಕೆಜಿ ಹತ್ತಿರ. ಚೀಲ ಕೊಯ್ದರೆ ಕೆಂಪು ನೀರು ಸುರಿಯುತ್ತೆ, ಒಂಥರಾ ಹುಳಿ ವಾಸನೆ ಬರುತ್ತೆ. ಮೊದಲ ಸಲ ಕೆಟ್ಟುಹೋಗಿದೆ ಅಂತಲೇ ಅಂದುಕೊಂಡೆ. ಬಣ್ಣ ಬದನೆಕಾಯಿಯ ಹಾಗೆ. ಗಾಳಿ ಸೋಕಿ ಅರ್ಧ ಗಂಟೆಯೊಳಗೆ ಮೇಲ್ಮೈ ಮೆಲ್ಲಗೆ ಕೆಂಪಾಗುತ್ತೆ. ಮಾಂಸದಲ್ಲಿರುವ ಮಯೋಗ್ಲೋಬಿನ್ ಆಮ್ಲಜನಕ ಹಿಡಿದುಕೊಳ್ಳೋದರಿಂದ ಹೀಗೆ. ಕಟರ್‌ಗಳು ಇದಕ್ಕೆ 'ಬ್ಲೂಮ್' ಅನ್ನುತ್ತಾರೆ, ಅರಳೋದು. ಗಂಟೆಗಟ್ಟಲೆ ನೋಡಿದರೂ ನನಗೆ ಬೇಜಾರಾಗಿಲ್ಲ.

ಚಕ್ ರೋಲ್ ಒಂದೇ ತುಂಡಿನ ಹಾಗೆ ಕಂಡರೂ ಒಳಗೆ ಹಲವು ಸ್ನಾಯು. ಒಂದೊಂದರ ನಡುವೆ ತೆಳ್ಳನೆ ಬಿಳಿ ಪೊರೆ. ಚಾಕು ಹಾಕಬೇಕಾದ್ದು ಅಲ್ಲೇ. ಆದರೆ ಚಾಕುವಿಗಿಂತ ಮುಂಚೆ ಬೆರಳು ಹೋಗಬೇಕು. ಬೆರಳ ತುದಿ ಒತ್ತಿದರೆ ಸಂದು ತಾನಾಗೇ ದಾರಿ ಬಿಡುತ್ತೆ, ಹಲಸಿನ ತೊಳೆ ಬಿಡಿಸಿದ ಹಾಗೆ. ಬಲ ಹಾಕಿದರೆ ಹರಿಯುತ್ತೆ. ಎರಡು ಭಾಗ ಬೇರೆ ಮಾಡಿದ ಮೇಲೆ, ಪಕ್ಕೆಯ ಕಡೆಗಿರುವ ತುದಿಯಲ್ಲಿ ಮೂರು ನಾಲ್ಕು ಸ್ಟೇಕ್ ಮಾತ್ರ ಒಂದು ವಿಶೇಷದ್ದು ಸಿಗುತ್ತೆ, ಚಕ್ ಐ. ಹೆಗಲನ್ನೂ ಪಕ್ಕೆಯನ್ನೂ ಬೇರೆ ಮಾಡೋದು ಐದು ಮತ್ತು ಆರನೇ ಪಕ್ಕೆಲುಬಿನ ನಡುವೆ. ಆ ಕಡೆ ಇದ್ದರೆ ದುಬಾರಿ ರಿಬ್ ಐ, ಈ ಕಡೆ ಇದ್ದರೆ ಅರ್ಧ ಬೆಲೆಗೂ ಸಿಗುವ ಚಕ್. ಸ್ನಾಯು ಅದೇ! ಇದು ಗೊತ್ತಿರುವ ಕಟರ್‌ಗಳು ಆ ಮೂರು ಸ್ಟೇಕನ್ನು ಕೇಸ್‌ಗೆ ಹೋಗೋಕೆ ಬಿಡಲ್ಲ, ತಾವೇ ದುಡ್ಡು ಕೊಟ್ಟು ಮನೆಗೆ ಒಯ್ಯುತ್ತಾರೆ.

ಬ್ಯಾಂಡ್ ಸಾ ಅಂದರೆ ಹೊಸಬರಿಗೆ ಎಲ್ಲಕ್ಕಿಂತ ಜಾಸ್ತಿ ಭಯ. ಗರಗಸದ ಪಟ್ಟಿ ಮೇಲಿಂದ ಕೆಳಕ್ಕೆ ಸುಯ್ ಅಂತ ಓಡುತ್ತಿರುತ್ತೆ, ಮೂಳೆಯಿರುವ ಮಾಂಸವನ್ನು ಅದರ ಮೇಲೆ ತಳ್ಳಬೇಕು. ನನಗೆ ಯಾಕೋ ಆ ಭಯ ಬರಲಿಲ್ಲ. ಎರಡನೇ ದಿನ ಹೊಳೆಯಿತು. ಇದು ಈಳಿಗೆ ಮಣೆ! ಅಲಗು ಇದ್ದಲ್ಲೇ ಇರುತ್ತೆ, ಪದಾರ್ಥ ಅದರ ಹತ್ತಿರ ಹೋಗುತ್ತೆ. ಏಳು ವರ್ಷದವಳಿದ್ದಾಗಿಂದ ಕಾಲು ಮಡಚಿ ಕೂತು ಸೊಪ್ಪು, ಕುಂಬಳಕಾಯಿ, ತೆಂಗಿನಕಾಯಿ ಎಲ್ಲಾ ಹಾಗೇ ಹೆಚ್ಚಿದವಳು ನಾನು. ಚಾಕು ಆಡಿಸೋಕೆ ಕಲಿಯೋದೇ ನನಗೆ ಕಷ್ಟವಾಗಿದ್ದದ್ದು. ಮೇಷ್ಟ್ರು ಹೇಳಿದ ನಿಯಮ ಎರಡೇ. ಸಾ ಓಡುವಾಗ ಯಾರೂ ನಿನ್ನ ಜೊತೆ ಮಾತಾಡಬಾರದು, ನೀನೂ ಮಾತಾಡಬಾರದು. ಹೆಬ್ಬೆರಳು ಯಾವಾಗಲೂ ಒಳಗೆ. ಪ್ರತಿ ಚಾಪ್ಸ್‌ನ ಮೇಲೂ ಮೂಳೆಯ ಹುಡಿ ಅಂಟಿರುತ್ತೆ, ಅದನ್ನು ಒಂದೊಂದಾಗಿ ಕೆರೆದು ತೆಗೀಬೇಕು. ಬೇಜಾರಿನ ಕೆಲಸ. ಬಿಟ್ಟರೆ ತಿನ್ನುವವರ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತೆ.

ಒಂದು ವಿಷಯ ಹೇಳಿಬಿಡುತ್ತೇನೆ. ನಾನು ದನದ ಮಾಂಸ ತಿನ್ನಲ್ಲ. ತಿಂದಿಲ್ಲ. ಇದು ಮೇಷ್ಟ್ರಿಗೆ ತಿಳಿದಾಗ ಅವರು ತಲೆ ಕೆರೆದುಕೊಂಡು, "ಗಿರಾಕಿ ಯಾವುದು ಮೆತ್ತಗಿರುತ್ತೆ ಅಂತ ಕೇಳಿದರೆ?" ಅಂದರು. ನೀವು ಹೇಳಿಕೊಡಿ, ಬಾಯಿಪಾಠ ಮಾಡ್ತೀನಿ ಅಂದೆ. ನಿಜಕ್ಕೂ ಹಾಗೇ ಮಾಡಿದ್ದೇನೆ. ಜಾಸ್ತಿ ಓಡಾಡೋ ಕಾಲಿನ ಮಾಂಸ ಗಟ್ಟಿ, ಸೊಂಟದ ಒಳಗೆ ಸುಮ್ನೆ ಇರುವ ಟೆಂಡರ್‌ಲಾಯಿನ್ ಬೆಣ್ಣೆ, ಹೆಗಲು ನಿಧಾನಕ್ಕೆ ಬೇಯಿಸಿದರೆ ರುಚಿ. ಕುರಿಗೂ ಇದೇ ಲೆಕ್ಕ ತಾನೇ.

ಅವ್ವನಿಗೆ ಮಾತ್ರ ಬಹಳ ದಿನ ಹೇಳಲಿಲ್ಲ. 'ಅಂಗಡೀಲಿ ಕೆಲಸ' ಅಂತಿದ್ದೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಮಗಳು ಬಾಯಿಬಿಟ್ಟಳು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನವ್ವ, ನಿನ್ನ ಓದ್ಸಿದ್ದು ಇದಕ್ಕಾ? ದನವೂ ಕೊಯ್ತೀಯಾ?" ಅಂದಳು. ಹೂಂ ಅಂದೆ. "ತಿಂತೀಯಾ?" ಇಲ್ಲ ಅಂದೆ. "ಸಂಬಳ ಎಷ್ಟು?" ಹೇಳಿದೆ. "ಕೈ ಜ್ವಾಪಾನ" ಅಂತ ಇಟ್ಟಳು. ಆಮೇಲೆ ಆ ಮಾತೇ ತೆಗೆದಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ ಇವತ್ತಿಗೂ ನಾನು ಅಕೌಂಟೆಂಟು. ನಮ್ಮ ಭಾಷೆಯಲ್ಲಿ ಈ ಕಸುಬಿನವರಿಗೆ ಇರುವ ಪದ ಬೈಗುಳವೂ ಹೌದು, ಅವಳನ್ನು ತಪ್ಪು ಅನ್ನೋಕಾಗಲ್ಲ. ಇಲ್ಲೂ 'ಬುಚರ್' ಅನ್ನೋ ಮಾತನ್ನು ಕಟರ್‌ಗಳು ತಮಾಷೆಗೆ ಬಿಟ್ಟು ಬಳಸಲ್ಲ.

ಮೇಷ್ಟ್ರು 2021ರ ಕೊನೆಯಲ್ಲಿ ನಿವೃತ್ತರಾದರು. ನನ್ನ ಎರಡು ವರ್ಷದ ಕಲಿಕೆ 2022ರಲ್ಲಿ ಮುಗಿಯಿತು. ಜರ್ನಿಮನ್ ದರ ಬಂದ ಮೊದಲ ಸಂಬಳದ ಚೀಟಿಯ ಫೋಟೋ ತೆಗೆದು ಅವರಿಗೆ ಕಳಿಸಿದೆ. ಒಂದು ಹೆಬ್ಬೆರಳಿನ ಚಿತ್ರ ವಾಪಸ್ ಬಂತು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಆಮೇಲಿನ ವರ್ಷವೇ ಟ್ರೇಗಳು ಬಂದವು.

'ಕೇಸ್ ರೆಡಿ' ಅಂತಾರೆ. ದೂರದ ಕಾರ್ಖಾನೆಯಲ್ಲೇ ಕತ್ತರಿಸಿ, ಟ್ರೇಗೆ ಹಾಕಿ, ಚೀಟಿಯನ್ನೂ ಅಂಟಿಸಿ ಕಳಿಸಿದ್ದು. ಅಂಗಡಿಯಲ್ಲಿ ಪೆಟ್ಟಿಗೆ ಒಡೆದು ಸಾಲಾಗಿ ಇಟ್ಟರೆ ಮುಗಿಯಿತು. ಗಾಳಿ ತೆಗೆಯೋ ಬದಲು ಅದರೊಳಗೆ ಬೇರೆ ಗಾಳಿ ತುಂಬಿರುತ್ತಾರೆ. ಸಾಮಾನ್ಯವಾಗಿ ಶೇಕಡಾ 80ರಷ್ಟು ಆಮ್ಲಜನಕ, ಉಳಿದದ್ದು ಇಂಗಾಲದ ಡೈಆಕ್ಸೈಡ್. ಆಮ್ಲಜನಕ ಬಣ್ಣಕ್ಕೆ, ಇನ್ನೊಂದು ಬ್ಯಾಕ್ಟೀರಿಯಾ ತಡೆಯೋಕೆ. ನಾನು ಸುತ್ತಿದ ಕೈಮ ಎರಡೇ ದಿನಕ್ಕೆ ಕಂದಾಗುತ್ತೆ. ಅದು ವಾರ ಕಳೆದರೂ ಕೆಂಪಗೆ ನಗುತ್ತಿರುತ್ತೆ. ಕೆಲವು ಕಡೆ ಚೂರೇ ಚೂರು ಕಾರ್ಬನ್ ಮಾನಾಕ್ಸೈಡ್ ಕೂಡ ಬಳಸುತ್ತಾರೆ, 2004ರಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದೆ. ಬಣ್ಣ ನೋಡಿ ತಾಜಾ ಅಂತ ಹೇಳೋ ಕಾಲ ಮುಗಿಯಿತು. ತಾರೀಕು ನೋಡಿ ಅಂತ ನಾನು ಎಲ್ಲರಿಗೂ ಹೇಳೋದು ಅದಕ್ಕೇ.

ಇದೇನು ಹೊಸದಲ್ಲ. ಟೆಕ್ಸಸ್‌ನ ಜಾಕ್ಸನ್‌ವಿಲ್‌ನಲ್ಲಿ ವಾಲ್‌ಮಾರ್ಟ್‌ನ ಕಟರ್‌ಗಳು 2000ದ ಫೆಬ್ರವರಿಯಲ್ಲಿ ಯೂನಿಯನ್ ಸೇರಬೇಕಾ ಅಂತ ಮತ ಹಾಕಿದರು. ಹೌದು ಅಂದವರು 7, ಬೇಡ ಅಂದವರು 3. ಎರಡು ವಾರದ ನಂತರ ಕಂಪನಿ ಆ ಭಾಗದ 180 ಅಂಗಡಿಗಳಲ್ಲಿ ಕೇಸ್ ರೆಡಿ ಮಾಂಸ ತರುವುದಾಗಿ ಹೇಳಿತು. ಮೊದಲೇ ಮಾಡಿದ್ದ ತೀರ್ಮಾನ, ಮತಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಕಂಪನಿಯ ಮಾತು. ಮೇಷ್ಟ್ರ ಬಾಯಲ್ಲಿ ಈ ಕಥೆ ಹತ್ತು ಸಲ ಕೇಳಿದ್ದೆ. ನಮ್ಮ ಅಂಗಡಿಗೂ ಬರುತ್ತೆ ಅಂತ ನಂಬಿರಲಿಲ್ಲ, ಅಷ್ಟೇ.

ಮೊದಲು ಹೋದದ್ದು ಕೈಮ. ಅದುವರೆಗೆ ದಿನಾ ಬೆಳಗ್ಗೆ ಗ್ರೈಂಡರ್ ಜೋಡಿಸಿ, ನಾವು ಸವರಿದ ಚೂರುಗಳನ್ನು ಸೇರಿಸಿ ಅರೆಯುತ್ತಿದ್ದೆವು. ಯಾವ ಪೆಟ್ಟಿಗೆಯ ಮಾಂಸ, ಯಾವ ಕಾರ್ಖಾನೆಯದ್ದು, ಎಷ್ಟು ಹೊತ್ತಿಗೆ ಅರೆದೆವು, ಮಧ್ಯೆ ಯಾವಾಗ ತೊಳೆದೆವು, ಎಲ್ಲಾ ಪುಸ್ತಕದಲ್ಲಿ ಬರೀಬೇಕು. 2016ರಿಂದ ಅದು ಕಾನೂನು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಮೂಲ ಹುಡುಕೋಕೆ. ಟ್ರೇ ಬಂದ ಮೇಲೆ ಗ್ರೈಂಡರ್ ವಾರಕ್ಕೆರಡು ದಿನ. ಆಮೇಲೆ ಹಂದಿ ಚಾಪ್ಸ್. ಆಮೇಲೆ ಸ್ಟ್ಯೂಗೆ ಬಳಸೋ ತುಂಡು. ಒಬ್ಬ ರ‍್ಯಾಪರ್‌ಗೆ ವಾರದಲ್ಲಿ ಎಂಟು ಗಂಟೆ ಕೆಲಸ ಕಮ್ಮಿಯಾಯಿತು.

ಜಗಳ ಶುರುವಾದದ್ದು ಕತ್ತರಿಸೋದಕ್ಕಲ್ಲ, ಇಡೋದಕ್ಕೆ. ರಾತ್ರಿ ಪಾಳಿಯ ಕ್ಲರ್ಕ್ ಹುಡುಗರು ಟ್ರೇಗಳನ್ನು ಕೇಸ್‌ನಲ್ಲಿ ಜೋಡಿಸಿದರು. ಬೆಳಗ್ಗೆ ನಾವು ಬಂದಾಗ ಕೇಸ್ ಅರ್ಧ ತುಂಬಿತ್ತು. ಹಸಿ ಮಾಂಸವನ್ನು ಕೇಸ್‌ಗೆ ಇಡೋದು ನಮ್ಮ ವಿಭಾಗದ ಕೆಲಸ ಅಂತ ಕಾಂಟ್ರಾಕ್ಟಿನಲ್ಲಿದೆ. ಸ್ಟೂವರ್ಡ್ ಗ್ರೀವೆನ್ಸ್, ಅಂದರೆ ಯೂನಿಯನ್ ದೂರು, ಬರೆದರು, ನಾನೂ ಸಹಿ ಹಾಕಿದೆ. ಡಬ್ಬ ಇಡೋಕೂ ಜರ್ನಿಮನ್ ಬೇಕಾ ಅಂತ ಮ್ಯಾನೇಜರ್ ಕೇಳಿದರು. ಪ್ರಾಮಾಣಿಕವಾಗಿ ಹೇಳ್ತೀನಿ, ನನಗೂ ಒಳಗೊಳಗೇ ಅದೇ ಅನಿಸಿತ್ತು. ಎಂಟು ಗಂಟೆ ಕಳಕೊಂಡ ರ‍್ಯಾಪರ್ ಪಕ್ಕದಲ್ಲೇ ನಿಂತಿದ್ದಳು, ಹಾಗಾಗಿ ಸುಮ್ಮನಿದ್ದೆ. ಆರು ವರ್ಷದ ಹಿಂದೆ ಒಂದೆಳೆ ಕೊಬ್ಬು ಸವರಿದ್ದಕ್ಕೆ ನನಗೆ ಬೈದದ್ದು ನೆನಪಾಯಿತು. ಗೆರೆ ಅವತ್ತು ನನ್ನ ಮತ್ತು ಕಟರ್ ನಡುವೆ ಇತ್ತು, ಇವತ್ತು ನನ್ನ ಮತ್ತು ಕ್ಲರ್ಕ್ ನಡುವೆ ಬಂದು ನಿಂತಿದೆ.

ನಾಲ್ಕು ತಿಂಗಳು ಎಳೆದಾಡಿ ರಾಜಿಯಾಯಿತು. ಗೆದ್ದೆವು ಅನ್ನಲ್ಲ. ಕಾರ್ಖಾನೆಯಿಂದ ಬಂದ ಟ್ರೇಗಳನ್ನು ಯಾರು ಬೇಕಾದರೂ ಇಡಬಹುದು. ಅದಕ್ಕೆ ಬದಲು, ಈ ಕಾಂಟ್ರಾಕ್ಟ್ ಮುಗಿಯೋವರೆಗೆ ಈಗಿರುವ ಯಾರ ಗಂಟೆಯನ್ನೂ ಇನ್ನಷ್ಟು ಕಡಿಮೆ ಮಾಡಬಾರದು, ಮತ್ತೆ ಸಂಜೆ ಆರರವರೆಗೆ ಒಬ್ಬ ಕಟರ್ ಕಡ್ಡಾಯ. ಗಿರಾಕಿ ಬೆಲ್ ಒತ್ತಿದರೆ ಬರೋಕೆ. ಫೋನಿನಲ್ಲಿ ಇದನ್ನು ಹೇಳಿದಾಗ ಮೇಷ್ಟ್ರು 'ಆರರವರೆಗೆ' ಅನ್ನೋದನ್ನು ಕೇಳಿ ಬಹಳ ಹೊತ್ತು ನಕ್ಕರು.

ಈಗ ವಾರದಲ್ಲಿ ಮೂರು ದಿನ ನನ್ನದು ಸಂಜೆ ಪಾಳಿ. ಸಾ ಸುಮಾರು ಹೊತ್ತು ಸುಮ್ಮನಿರುತ್ತೆ. ಕ್ರಿಸ್‌ಮಸ್ ವಾರ ಮಾತ್ರ ಉಸಿರಾಡೋಕೂ ಬಿಡುವಿಲ್ಲ. ಇಡೀ ಪಕ್ಕೆಯ ಮೂಳೆ ಬಿಡಿಸಿ, ಮತ್ತೆ ಅದೇ ಜಾಗಕ್ಕೆ ದಾರ ಸುತ್ತಿ ಕಟ್ಟಿಕೊಡಿ ಅಂತ ಸಾಲು ನಿಲ್ಲುತ್ತಾರೆ. ಅದನ್ನು ಯಾವ ಟ್ರೇಯೂ ಮಾಡಿಕೊಡಲ್ಲ. ಮೇಕೆ ಬೇಕು ಅಂದರೆ ನಮ್ಮವರೆಲ್ಲ ಶಿಕಾಗೋದ ಡೆವೊನ್ ಅವೆನ್ಯೂಗೆ ಹೋಗುತ್ತಾರೆ, ನಾನೂ ಅಲ್ಲೇ ತರೋದು. ಅಲ್ಲಿನ ಹಲಾಲ್ ಅಂಗಡಿಗಳಲ್ಲಿ ಇವತ್ತಿಗೂ ಇಡೀ ಮೇಕೆ ಕೊಕ್ಕೆಗೆ ನೇತಾಡುತ್ತಿರುತ್ತೆ, ಕಣ್ಣೆದುರೇ ಕತ್ತರಿಸಿ ಕೊಡ್ತಾರೆ. ಅಲ್ಲಿನ ಹುಡುಗ ಸಾ ಮೇಲೆ ಹೆಬ್ಬೆರಳು ಹೊರಗಿಟ್ಟೇ ಕೆಲಸ ಮಾಡ್ತಾನೆ, ನೋಡಿದಾಗಲೆಲ್ಲ ನನ್ನ ಎದೆ ಝಲ್ ಅನ್ನುತ್ತೆ.

ಕಳೆದ ಯುಗಾದಿಯ ಸಂಜೆ, ಆರಕ್ಕೆ ಹತ್ತು ನಿಮಿಷ ಇತ್ತು. ಸಾ ಬಿಚ್ಚಿ ತೊಳೆಯೋಕೆ ಶುರು ಮಾಡಿದ್ದೆ. ಬೆಲ್ ಹೊಡೆಯಿತು. ಗಾಜಿನ ಆಚೆ ಒಂದು ಜೋಡಿ, ಕೈಯಲ್ಲಿ ಕುರಿಮರಿಯ ಇಡೀ ಕಾಲು. ನಾನು ಟೋಪಿ, ಮಾಸ್ಕ್ ಹಾಕಿಕೊಂಡಿದ್ದೆ.

"ಕೇಳಿ ನೋಡ್ರಿ, ಕಟ್ ಮಾಡ್ಕೊಡ್ತಾರೇನೋ," ಅಂದಳು ಆಕೆ.

"ಇವ್ರಿಗೆಲ್ಲಿ ಗೊತ್ತಾಗುತ್ತೆ ಸಾರಿನ ಪೀಸು," ಅಂದ ಗಂಡ.

ಕೈ ಒರೆಸಿಕೊಂಡು ಕಿಟಕಿ ಸರಿಸಿದೆ. "ಸಾರಿಗೋ, ಪಲ್ಯಕ್ಕೋ? ನಲ್ಲಿ ಮೂಳೆ ಉದ್ದಕ್ಕೆ ಬಿಡ್ಲಾ, ಎರಡು ಮಾಡ್ಲಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಒಳಗೆ ಹೋಗಿ ಬಿಚ್ಚಿದ್ದ ಸಾ ಮತ್ತೆ ಜೋಡಿಸಿದೆ.